ಕತ್ತರಿಗೆ ಜೀವವಿಲ್ಲ

ನಗರತ್‌ಪೇಟೆಯ ಗಲ್ಲಿಯಲ್ಲಿ ನನ್ನ ಔಷಧಿ ಅಂಗಡಿ,
ಇಬ್ಬರು ನಿಂತರೆ ಮೂರನೆಯವರು ಮೋರಿಯ ಕಲ್ಲಿನ ಮೇಲೆ.
ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಎಳೆದಾಗ
ಬಗ್ಗಿ ಒಳಗೆ ಬಂದರು ಟೇಲರ್ ಪಾಂಡುರಂಗ ಮಹೇಂದ್ರಕರ್,
ಕೊರಳಲ್ಲಿ ಇಂಚುಪಟ್ಟಿ, ಒಂದು ಕೈಯಲ್ಲಿ ಚೀಟಿ,
ಇನ್ನೊಂದು ಕೈ ಹೊಟ್ಟೆಯ ಮೇಲೆ.

ಟೈಫಾಯ್ಡು. ಹತ್ತು ದಿನ ಆಂಟಿಬಯಾಟಿಕ್ಕು.
ಜ್ವರ ಇಳಿದಿದೆ, ಹೊಟ್ಟೆ ಏರಿದೆ.
"ಮೇಡಂ, ಎರಡೂ ಹೊಟ್ಟೆಗೇ ತಾನೆ?
ಒಂದು ಕೊಡಿ ಸಾಕು, ಅಗ್ಗದ್ದು."

ಡಿಪ್ಲೊಮಾದಲ್ಲಿ ಕಲಿತದ್ದು
ಗಿರಾಕಿಯ ಮುಂದೆ ನಾಲಿಗೆಗೆ ಬರುವುದಿಲ್ಲ.
ಅವರ ಜೇಬಿನಿಂದ ಕತ್ತರಿಯ ಹಿಡಿ ಇಣುಕುತ್ತಿತ್ತು.

"ಇದು ಎಂಜೈಮು," ಅಂದೆ, "ನಿಮ್ಮ ಕತ್ತರಿ ಇದ್ದ ಹಾಗೆ.
ಅನ್ನಕ್ಕೆ ಒಂದು, ಬೇಳೆಗೆ ಒಂದು, ಎಣ್ಣೆಗೆ ಮತ್ತೊಂದು,
ಒಂದರ ಕೆಲಸ ಇನ್ನೊಂದು ಮುಟ್ಟುವುದಿಲ್ಲ."
"ಬಟ್ಟೆ ಕತ್ತರೀಲಿ ಕಾಗದ ಕತ್ತರಿಸಿದರೆ
ನಮ್ಮಪ್ಪ ಕೆನ್ನೆಗೆ ಬಿಡೋರು!"
"ಹಾಗೇ. ಮೊದಲ ಕತ್ತರಿ ನಿಮ್ಮ ಎಂಜಲಲ್ಲೇ ಇದೆ,
ಮುದ್ದೆ ನುಂಗುವಾಗ ಅದಕ್ಕೆ ಕೆಲಸವೇ ಸಿಗುವುದಿಲ್ಲ,
ಒಳಗಿನವು ನೋಡಿಕೊಳ್ಳುತ್ತವೆ.
ಹಾಲಿನ ಸಕ್ಕರೆಗೂ ಒಂದುಂಟು, ಕಾಯಿಲೆಯಾದಾಗ ಮೊಂಡಾಗಬಹುದು,
ಕಾಫಿ ಕುಡಿದರೆ ಉಬ್ಬರ ಅದಕ್ಕೂ ಇದ್ದೀತು.
ಆದರೆ ಕತ್ತರಿಗೆ ಜೀವವಿಲ್ಲ. ಮರಿ ಹಾಕುವುದಿಲ್ಲ."

"ಮರಿ ಹಾಕೋದು ಯಾವುದು?"

ಫ್ರಿಜ್ಜು ತೆರೆದೆ. ಇನ್ಸುಲಿನ್ನಿನ ಪಕ್ಕದಲ್ಲಿ
ಬೆಳ್ಳಿ ಹಾಳೆಯೊಳಗೆ ಸಾಲಾಗಿ ಮಲಗಿದ್ದವು,
ಒಂದೊಂದು ಗುಳಿಗೆಯಲ್ಲೂ ಕೋಟಿ ಕೋಟಿ,
ಯಾವ ಜನಗಣತಿಯೂ ಎಣಿಸದ ಜನ.
ನಾನು ಮಾರುವ ಬೇರೆ ಸರಕಿಗೆ ಎಕ್ಸ್‌ಪೈರಿ ಬರೀ ತಾರೀಖು.
ಇವಕ್ಕೆ ಸಾವು.

"ಕರುಳು ಒಂದು ವಠಾರ ಅಂದುಕೊಳ್ಳಿ.
ಆಂಟಿಬಯಾಟಿಕ್ಕು ಕಳ್ಳನನ್ನು ಹಿಡಿಯಲು ಬಂದು
ಸಾಲು ಮನೆ ಖಾಲಿ ಮಾಡಿಸಿದೆ.
ಇವರು ತಾತ್ಕಾಲಿಕ ಬಾಡಿಗೆಯವರು,
ಹಳಬರು ಮರಳುವ ತನಕ ಬಾಗಿಲು ಕಾಯ್ದು ಹೊರಡುತ್ತಾರೆ."
"ಅಡ್ವಾನ್ಸು ಎಷ್ಟು?"
ನಕ್ಕರು, ನಕ್ಕದ್ದಕ್ಕೆ ಹೊಟ್ಟೆ ಹಿಡಿದುಕೊಂಡರು.
ಇನ್ನೂರ ಮೂವತ್ತು, ಅಂದೆ. ನಗು ನಿಂತಿತು.

"ಮೊಸರಲ್ಲಿ ಇಲ್ಲವೇ ಇವು?"
ಇವೆ. ಇವೇ ಅಲ್ಲ, ಇವುಗಳ ದಾಯಾದಿಗಳು.
ನನ್ನ ಮನೆಯ ಹೆಪ್ಪಿಗೆ ಲೇಬಲ್ಲಿಲ್ಲ.
ಮಹಡಿ ಮೇಲಿನ ರುಕ್ಸಾನಾ ಲೋಟದಲ್ಲಿ ಕೊಟ್ಟದ್ದು,
ಅವಳಿಗೆ ಓರಗಿತ್ತಿ, ಓರಗಿತ್ತಿಗೆ ಇನ್ಯಾರೋ,
ಯಾರೂ ಯಾರಿಗೂ ರಸೀದಿ ಬರೆದಿಲ್ಲ.
ಡಿಸೆಂಬರಿನ ಚಳಿಗೆ ಮಾತ್ರ ಅದು ಮುನಿಯುತ್ತದೆ,
ಪಾತ್ರೆಗೆ ಟವೆಲು ಹೊದಿಸಿ ಮಲಗಿಸುತ್ತೇನೆ.

ಖಾತರಿ ಕೇಳಿದರು. ಕೊಡಲಿಲ್ಲ.
"ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಇಲ್ಲ.
ಆಂಟಿಬಯಾಟಿಕ್ಕು ನುಂಗಿ ಎರಡು ಗಂಟೆ ಬಿಟ್ಟು ತಗೊಳ್ಳಿ.
ರಕ್ತ ಕಂಡರೆ ನನ್ನ ಹತ್ತಿರ ಬರಬೇಡಿ,
ಡಾಕ್ಟರ ಹತ್ತಿರ ಓಡಿ."
ಜೀವ ಇದ್ದದ್ದು ಪೂರ್ತಿ ಕೊಂಡರು, ಕತ್ತರಿ ಐದೇ ಐದು.
ಚಿಲ್ಲರೆ ಇಲ್ಲದೆ ಹತ್ತು ರೂಪಾಯಿ ಬಾಕಿ.

ಮೂರು ವಾರದ ಮೇಲೆ ಬ್ಲೌಸ್ ಪೀಸು ಹಿಡಿದು ನಾನೇ ಹೋದೆ.
ಮಷೀನಿನ ಮೇಲೆ ಖಾಲಿ ಕಾಫಿ ಲೋಟ ಕಾಣಲಿಲ್ಲ.
"ಗುಣವಾಯ್ತು ಮೇಡಂ."
ಗುಳಿಗೆಯಿಂದಲೋ, ಕಾಫಿ ಬಿಟ್ಟದ್ದರಿಂದಲೋ,
ಸುಮ್ಮನೆ ದಿನ ಕಳೆದದ್ದರಿಂದಲೋ?
ಅವರಿಗೂ ಗೊತ್ತಿರಲಿಲ್ಲ, ನನಗೂ.

ನನ್ನ ಅಳತೆ ಬ್ಲೌಸನ್ನು ಒಳಮಗ್ಗಲು ತಿರುಗಿಸಿ
ಬೆಳಕಿಗೆ ಹಿಡಿದರು, ಎಕ್ಸ್‌ರೇ ನೋಡುವವರ ಹಾಗೆ.
"ಬದಿ ಹೊಲಿಗೆ ಎರಡು ಸಲ ಬಿಚ್ಚಿದ್ದೀರಿ.
ಒಳಗೆ ಬಿಟ್ಟ ಬಟ್ಟೆ ಮುಗೀತಾ ಬಂತು.
ರಾತ್ರಿ ಊಟ ಎಷ್ಟು ಗಂಟೆಗೆ?"

ಹನ್ನೊಂದಕ್ಕೆ. ನಿಂತುಕೊಂಡು.
ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟು,
ಅಗಿದೆನೋ ಇಲ್ಲವೋ ತಿಳಿಯದ ಹಾಗೆ.
ಹೇಳಲಿಲ್ಲ.

"ಅರ್ಧ ಇಂಚು ಬಿಟ್ಟು ಹೊಲಿಯಿರಿ," ಅಂದೆ.
ಅವರು ಸೀಮೆಸುಣ್ಣ ತೆಗೆದು
ಒಂದು ಅಂತ ಬರೆದುಕೊಂಡರು.